ಅರೆತಲೆನೋವು: ಸಹಿಸುವುದೊಂದೇ ದಾರಿಯಲ್ಲ

ಮನೆಗೆ ನೆಂಟರು ಬಂದಿದ್ದಾರೆ. ಸೊಸೆ ಮಾತ್ರ ದುಪಟ್ಟಾವನ್ನು ತಲೆಗೆ ಬಿಗಿದು ಕಟ್ಟಿಕೊಂಡು, ಕಿಟಕಿ ಮುಚ್ಚಿದ ಕೋಣೆಯಲ್ಲಿ ಮಲಗಿದ್ದಾಳೆ. ‘ಯಾವಾಗ ನೋಡಿದರೂ ಇವಳಿಗೆ ತಲೆನೋವು’ ಎಂಬ ಮಾತು ಹೊರಗಿನಿಂದ ಅವಳ ಕಿವಿಗೆ ಬೀಳುತ್ತದೆ. ಅವಳು ಮಾತ್ರೆಯೊಂದನ್ನು ನುಂಗಿ, ವಾಂತಿ ತಡೆದುಕೊಂಡು ಎದ್ದು ಬರುತ್ತಾಳೆ. ನಮ್ಮಲ್ಲಿ ಎಷ್ಟೋ ಮನೆಗಳಿಗೆ ಇದು ಹೊಸ ದೃಶ್ಯವಲ್ಲ.

ಮೈಗ್ರೇನ್ ನೆಪವಲ್ಲ, ಸೋಮಾರಿತನವೂ ಅಲ್ಲ. ಅದು ಮೆದುಳು ಮತ್ತು ನರಗಳಿಗೆ ಸಂಬಂಧಿಸಿದ ಕಾಯಿಲೆ. ಬೆಂಗಳೂರಿನ ನಗರ ಮತ್ತು ಗ್ರಾಮೀಣ ಭಾಗಗಳಲ್ಲಿ ನಿಮ್ಹಾನ್ಸ್ ತಜ್ಞರು ನಡೆಸಿ 2015ರಲ್ಲಿ ಪ್ರಕಟಿಸಿದ ಸಮೀಕ್ಷೆಯಲ್ಲಿ, ವಯಸ್ಕರ ಪೈಕಿ ಸುಮಾರು ನಾಲ್ವರಲ್ಲಿ ಒಬ್ಬರಿಗೆ ಈ ತೊಂದರೆ ಕಂಡುಬಂದಿತ್ತು. ಪುರುಷರಿಗಿಂತ ಮಹಿಳೆಯರನ್ನೇ ಇದು ಹೆಚ್ಚು ಕಾಡುತ್ತದೆ.

ನಾವು ಮಾಡುವ ದೊಡ್ಡ ತಪ್ಪೆಂದರೆ ನೋವು ಬಂದಾಗಲೆಲ್ಲ ಮೆಡಿಕಲ್ ಅಂಗಡಿಯಿಂದ ಮಾತ್ರೆ ತರಿಸಿ ನುಂಗುವುದು. ಸಾಮಾನ್ಯ ನೋವಿನ ಮಾತ್ರೆಯನ್ನು ತಿಂಗಳಲ್ಲಿ 15 ದಿನ, ಹಲವು ಔಷಧಿ ಬೆರೆತ ಮಾತ್ರೆಯನ್ನು 10 ದಿನ, ಹೀಗೆ ಮೂರು ತಿಂಗಳಿಗೂ ಮೀರಿ ತೆಗೆದುಕೊಂಡರೆ ಆ ಮಾತ್ರೆಯೇ ತಲೆನೋವಿಗೆ ಕಾರಣವಾಗಬಹುದು. ಹೊಟ್ಟೆ ಮತ್ತು ಮೂತ್ರಪಿಂಡಕ್ಕೆ ಆಗಬಹುದಾದ ಹಾನಿ ಬೇರೆ.

ನೋವು ಬಂದ ಮೇಲೆ ಶಮನ ಮಾಡುವುದು ಒಂದು ಚಿಕಿತ್ಸೆ, ಬಾರದಂತೆ ತಡೆಯುವುದು ಇನ್ನೊಂದು. ತಿಂಗಳಿಗೆ ನಾಲ್ಕು ದಿನ ಅಥವಾ ಅದಕ್ಕಿಂತ ಹೆಚ್ಚು ದಿನ ಮೈಗ್ರೇನ್ ಬರುವವರು ತಡೆಯುವ ಚಿಕಿತ್ಸೆಯ ಬಗ್ಗೆ ವೈದ್ಯರನ್ನು ಕೇಳಲೇಬೇಕು. ಇದಕ್ಕೆ ಪ್ರೊಪ್ರನೊಲಾಲ್, ಅಮಿಟ್ರಿಪ್ಟಿಲಿನ್, ಫ್ಲುನರಿಜಿನ್‌ನಂತಹ ಹಳೆಯ, ಅಗ್ಗದ ಮಾತ್ರೆಗಳಿವೆ. ಬಹಳ ಮಂದಿಗೆ ಇವೇ ಸಾಕಾಗುತ್ತವೆ. ಆದರೆ ನಿದ್ದೆಗಣ್ಣು, ತೂಕ ಹೆಚ್ಚುವಿಕೆ, ಸುಸ್ತಿನಂತಹ ತೊಂದರೆಗಳಿಂದ ಕೆಲವರು ಅರ್ಧಕ್ಕೇ ಬಿಟ್ಟುಬಿಡುತ್ತಾರೆ.

ಅಂಥವರಿಗಾಗಿ ಈಗ ಮತ್ತೊಂದು ದಾರಿ ಇದೆ: ತಿಂಗಳಿಗೊಮ್ಮೆ ತಾವೇ ಚುಚ್ಚಿಕೊಳ್ಳುವ ಇಂಜೆಕ್ಷನ್. ಮೈಗ್ರೇನ್ ಸಮಯದಲ್ಲಿ ನರಗಳು ಸಿಜಿಆರ್‌ಪಿ ಎಂಬ ರಾಸಾಯನಿಕವನ್ನು ಬಿಡುಗಡೆ ಮಾಡುತ್ತವೆ ಎಂದು ಪೀಟರ್ ಗೋಡ್ಸ್‌ಬಿ ಮತ್ತು ಲಾರ್ಸ್ ಎಡ್ವಿನ್ಸನ್ 1990ರಲ್ಲಿ ತೋರಿಸಿದರು. ಈ ರಾಸಾಯನಿಕದ ಕೆಲಸವನ್ನು ತಡೆಯುವ ಎರೆನುಮ್ಯಾಬ್, ಫ್ರೆಮನೆಜುಮ್ಯಾಬ್, ಗಾಲ್ಕನೆಜುಮ್ಯಾಬ್ ಎಂಬ ಔಷಧಿಗಳಿಗೆ 2018ರಲ್ಲಿ ಅಮೆರಿಕದಲ್ಲಿ ಅನುಮತಿ ಸಿಕ್ಕಿತು. ಎರೆನುಮ್ಯಾಬ್ ನಮ್ಮ ದೇಶದಲ್ಲೂ ವೈದ್ಯರ ಚೀಟಿಯ ಮೇಲೆ ಸಿಗುತ್ತದೆ.

ಇದು ಪವಾಡವಲ್ಲ. 955 ಮಂದಿಯ ಮೇಲೆ ಆರು ತಿಂಗಳು ನಡೆದ ಎರೆನುಮ್ಯಾಬ್ ಪರೀಕ್ಷೆಯಲ್ಲಿ, 140 ಮಿಲಿಗ್ರಾಂ ಪಡೆದವರಲ್ಲಿ ಅರ್ಧದಷ್ಟು ಮಂದಿಗೆ ಮೈಗ್ರೇನ್ ದಿನಗಳು ಅರ್ಧಕ್ಕೆ ಅಥವಾ ಅದಕ್ಕಿಂತ ಕೆಳಗೆ ಇಳಿದವು. ಔಷಧಿಯೇ ಇಲ್ಲದ ಇಂಜೆಕ್ಷನ್ ಪಡೆದವರಲ್ಲೂ ಸುಮಾರು ಕಾಲು ಭಾಗ ಮಂದಿಗೆ ಅಷ್ಟೇ ಗುಣ ಕಂಡಿತ್ತು. ಗುಣ ತಿಳಿಯಲು ಸಾಮಾನ್ಯವಾಗಿ ಮೂರು ತಿಂಗಳು ಕಾಯಬೇಕು. ಮಲಬದ್ಧತೆ, ಚುಚ್ಚಿದ ಜಾಗದಲ್ಲಿ ನೋವು, ಕೆಲವರಲ್ಲಿ ರಕ್ತದೊತ್ತಡ ಹೆಚ್ಚುವುದು ಅಡ್ಡಪರಿಣಾಮಗಳು. ಗರ್ಭಿಣಿಯರಿಗೆ ಇದನ್ನು ಸಾಮಾನ್ಯವಾಗಿ ಕೊಡುವುದಿಲ್ಲ. ಔಷಧಿ ದೇಹದಲ್ಲಿ ಬಹುಕಾಲ ಉಳಿಯುವುದರಿಂದ, ಮಗುವಿನ ಯೋಚನೆ ಇದ್ದರೆ ಹಲವು ತಿಂಗಳು ಮೊದಲೇ ವೈದ್ಯರಿಗೆ ತಿಳಿಸಬೇಕು.

‘ಸೂಜಿ ಅಂದರೆ ಕಾಯಿಲೆ ಕೈಮೀರಿದೆ ಎಂದರ್ಥ’, ‘ಒಮ್ಮೆ ಶುರುವಾದರೆ ಜೀವನಪರ್ಯಂತ’ ಎಂಬ ಮಾತುಗಳು ಕೇಳಿಬರುತ್ತವೆ. ನಮ್ಮ ಹಿರಿಯರು ದಿನಕ್ಕೆ ಎರಡು ಸಲ ಇನ್ಸುಲಿನ್ ಚುಚ್ಚಿಕೊಂಡರೆ ಯಾರೂ ಹುಬ್ಬೇರಿಸುವುದಿಲ್ಲ. ತಿಂಗಳಿಗೆ ಒಂದು ಸೂಜಿಗೆ ಏಕೆ ಇಷ್ಟು ಅಂಜಿಕೆ? ಗುಣ ಕಾಣದಿದ್ದರೆ ವೈದ್ಯರೇ ನಿಲ್ಲಿಸುತ್ತಾರೆ. ಗುಣ ಕಂಡರೂ ಕೆಲವು ತಿಂಗಳ ಬಳಿಕ ಬಿಟ್ಟು ನೋಡಬಹುದು. ನಿಲ್ಲಿಸಿದ ಮೇಲೆ ಕೆಲವರಿಗೆ ನೋವು ಮರಳುತ್ತದೆ ಎಂಬುದೂ ನಿಜ. ನನ್ನ ದೃಷ್ಟಿಯಲ್ಲಿ ನಿಜವಾದ ಅಡ್ಡಿ ಸೂಜಿಯಲ್ಲ, ಬೆಲೆ. ಹಳೆಯ ಮಾತ್ರೆಗಳಿಗಿಂತ ಇದು ಬಹಳ ದುಬಾರಿ. ಆದ್ದರಿಂದ ಮೊದಲು ಮಾತ್ರೆಗಳನ್ನು ಸರಿಯಾದ ಪ್ರಮಾಣದಲ್ಲಿ ಕೆಲವು ವಾರ ತೆಗೆದುಕೊಂಡು ನೋಡುವುದೇ ಜಾಣತನ. ಅವು ಫಲಿಸದಿದ್ದಾಗ ಮಾತ್ರ, ತಾಯಿಯ ನೋವಿಗೆ ಅಷ್ಟು ಖರ್ಚೇ ಎಂದು ಲೆಕ್ಕ ಹಾಕಬಾರದು.

ಇಂಜೆಕ್ಷನ್ ತಂದರೆ ಫ್ರಿಜ್‌ನಲ್ಲಿ 2ರಿಂದ 8 ಡಿಗ್ರಿ ಸೆಲ್ಸಿಯಸ್‌ನಲ್ಲಿಡಿ, ಫ್ರೀಜರ್‌ನಲ್ಲಿ ಬೇಡ. ಅರ್ಧ ಗಂಟೆ ಮೊದಲು ಹೊರಗಿಡಿ. ಬಿಸಿನೀರಿಗೆ ಹಾಕಬೇಡಿ, ಅಲುಗಾಡಿಸಬೇಡಿ. ಕೈ ತೊಳೆದು, ಹೊಟ್ಟೆ ಅಥವಾ ತೊಡೆಯ ಚರ್ಮವನ್ನು ಸ್ಪಿರಿಟ್‌ನಿಂದ ಒರೆಸಿ, ಒಣಗಿದ ಮೇಲೆ ಚುಚ್ಚಿಕೊಳ್ಳಿ. ಮೊದಲ ಸಲ ವೈದ್ಯರ ಅಥವಾ ನರ್ಸ್ ಎದುರಿಗೇ ಕಲಿಯಿರಿ. ಬಳಸಿದ ಪೆನ್ನನ್ನು ಕಸದ ಬುಟ್ಟಿಗೆ ಎಸೆಯದೆ, ಗಟ್ಟಿ ಡಬ್ಬಿಯಲ್ಲಿ ಮುಚ್ಚಿಟ್ಟು ಆಸ್ಪತ್ರೆಗೆ ಕೊಡಿ.

ರಮಝಾನ್‌ನಲ್ಲಿ ಹಸಿವು, ನೀರಿಲ್ಲದಿರುವುದು, ಚಹಾ ತಪ್ಪುವುದು, ನಿದ್ದೆ ಕೆಡುವುದು ಎಲ್ಲವೂ ಮೈಗ್ರೇನನ್ನು ಕೆರಳಿಸುತ್ತವೆ. ಹಾಗಾಗಿ ಒಂದೆರಡು ತಿಂಗಳು ಮೊದಲೇ ವೈದ್ಯರನ್ನು ಕಾಣುವುದು ಒಳ್ಳೆಯದು. ತಿಂಗಳ ಇಂಜೆಕ್ಷನ್ ದಿನ ಉಪವಾಸದಲ್ಲಿ ಬಂದರೆ ಇಫ್ತಾರ್ ನಂತರ ಹಾಕಿಕೊಳ್ಳಬಹುದು. ನೋವು ತೀರಾ ಹೆಚ್ಚಾದರೆ, ಕಾಯಿಲೆಯವರಿಗೆ ಇರುವ ವಿನಾಯಿತಿಯನ್ನು ಮನೆಯವರೇ ನೆನಪಿಸಲಿ.

ಒಮ್ಮೆಲೇ ಸಿಡಿದಂತೆ ಬರುವ ತಲೆನೋವು, ಜ್ವರದೊಂದಿಗೆ ಕುತ್ತಿಗೆ ಬಿಗಿತ, ಕೈಕಾಲು ಸ್ವಾಧೀನ ತಪ್ಪುವುದು ಕಂಡರೆ ಕಾಯದೆ ಆಸ್ಪತ್ರೆಗೆ ಹೋಗಬೇಕು. ಉಳಿದವರು ಇಂದಿನಿಂದಲೇ ಒಂದು ಕೆಲಸ ಮಾಡಿ: ಗೋಡೆಯ ಕ್ಯಾಲೆಂಡರ್‌ನಲ್ಲಿ ನೋವು ಬಂದ ದಿನ, ನುಂಗಿದ ಮಾತ್ರೆ ಎರಡನ್ನೂ ಗುರುತು ಹಾಕಿ. ತಿಂಗಳ ಕೊನೆಗೆ ಆ ಗುರುತುಗಳನ್ನು ಎಣಿಸುವ ಕೆಲಸ ಗಂಡನದಾಗಲಿ, ಅತ್ತೆಯದಾಗಲಿ. ಎಣಿಸಿದವರು ‘ಯಾವಾಗ ನೋಡಿದರೂ ತಲೆನೋವು’ ಎಂದು ಮತ್ತೆ ಹೇಳಲಾರರು. ಆ ಕ್ಯಾಲೆಂಡರನ್ನೇ ಹಿಡಿದುಕೊಂಡು ಅವಳ ಜೊತೆ ವೈದ್ಯರ ಬಳಿಗೆ ಹೋಗುತ್ತಾರೆ.