ಗಂಡನ ರಕ್ತವನ್ನೂ ಪರೀಕ್ಷಿಸಿ

"ಹೆರೋಳು ಅವ್ಳು, ನನ್ ಮಗನ ರಕ್ತ ನಿಮಗ್ಯಾಕವ್ವಾ?" ಎಂದು ಸೊಸೆಯನ್ನು ಕರೆತಂದಿದ್ದ ಅತ್ತೆಯೊಬ್ಬರು ನನ್ನನ್ನು ಕೇಳಿದ್ದರು. ಮಗ ಹೊರಗೆ ಬೈಕಿನ ಮೇಲೆ ಕೂತು ಮೊಬೈಲ್ ನೋಡುತ್ತಿದ್ದ. ಕರೆದರೆ, "ನಂಗೇನಾಗಿದೆ ಸಿಸ್ಟರ್, ಗುಂಡ್‌ಕಲ್ ಇದ್ದಂಗಿದೀನಿ" ಎಂದು ನಕ್ಕ. ತುಮಕೂರು ಜಿಲ್ಲೆಯ ಹಳ್ಳಿಗಳಲ್ಲಿ ಎಎನ್‌ಎಂ ಆಗಿ ದುಡಿದು ನಿವೃತ್ತಳಾದ ನನಗೆ ಈ ಎರಡೂ ಮಾತು ಬಾಯಿಪಾಠ.

ಬಸುರಿಯ ತೋಳಿನಿಂದ ಎಚ್‌ಐವಿಗೆ, ಸಿಫಿಲಿಸ್‌ಗೆ, ಹೆಪಟೈಟಿಸ್ ಬಿಗೆ ಎಂದು ರಕ್ತ ತೆಗೆಯುತ್ತೇವೆ. ಗಂಡನನ್ನು ಕರೆಸುವುದು ಅವಳಿಗೆ ಪಾಸಿಟಿವ್ ಬಂದ ಮೇಲೆ. ಅಷ್ಟರಲ್ಲಿ ಮನೆಯಲ್ಲಿ ತೀರ್ಪು ಆಗಿಹೋಗಿರುತ್ತದೆ. ಮೊದಲು ಗೊತ್ತಾದದ್ದು ಅವಳಿಗೆ, ಆದ್ದರಿಂದ ತಂದವಳೂ ಅವಳೇ! ಇಬ್ಬರಿಗೂ ಒಂದೇ ದಿನ ಸೂಜಿ ಚುಚ್ಚಿದ್ದರೆ ಈ ಮಾತಿಗೆ ಅಷ್ಟು ಸುಲಭವಾಗಿ ಎಡೆ ಸಿಗುತ್ತಿರಲಿಲ್ಲ.

ಸಿಫಿಲಿಸ್ಸನ್ನೇ ತೆಗೆದುಕೊಳ್ಳಿ. ಚಿಕಿತ್ಸೆ ಸಿಗದಿದ್ದರೆ ಅಂಥ ಬಸಿರುಗಳಲ್ಲಿ ಅರ್ಧಕ್ಕಿಂತ ಹೆಚ್ಚಿನವು ಕೇಡಿನಲ್ಲೇ ಮುಗಿಯುತ್ತವೆ: ಗರ್ಭಪಾತ, ಸತ್ತು ಹುಟ್ಟುವ ಕೂಸು, ತಿಂಗಳು ತುಂಬದ ಹೆರಿಗೆ, ಸೋಂಕು ಹೊತ್ತೇ ಬರುವ ಮಗು. ಹುಟ್ಟಿದಾಗ ಚೆನ್ನಾಗಿಯೇ ಕಂಡು, ವಾರಗಳ ನಂತರ ಲಕ್ಷಣ ತೋರುವ ಮಕ್ಕಳೂ ಉಂಟು. ಔಷಧಿ ಮಾತ್ರ ಹಳೆಯದು, ಅಗ್ಗದ್ದು. ಬೆಂಜಥೀನ್ ಪೆನಿಸಿಲಿನ್, 24 ಲಕ್ಷ ಯೂನಿಟ್, ಎರಡೂ ಪಿರ್ರೆಗೆ ಅರ್ಧರ್ಧ. ಸೋಂಕು ಹಳೆಯದಾದರೆ ವಾರಕ್ಕೊಮ್ಮೆಯಂತೆ ಮೂರು ಸಲ. ಕೂರಲಾಗದಷ್ಟು ನೋಯುತ್ತದೆ, ಸುಳ್ಳು ಹೇಳುವುದಿಲ್ಲ. ಅಲರ್ಜಿಯ ಭಯಕ್ಕೆ ಕೆಲವು ಡಾಕ್ಟರು ಇದನ್ನು ಕೊಡಲು ಹಿಂಜರಿಯುತ್ತಾರೆ. ಆದರೆ ಹೊಟ್ಟೆಯೊಳಗಿನ ಮಗುವಿನ ಸೋಂಕನ್ನೂ ಖಚಿತವಾಗಿ ವಾಸಿಮಾಡುವುದು ಪೆನಿಸಿಲಿನ್ ಒಂದೇ. ಅದೂ ಹೆರಿಗೆಗೆ ಕನಿಷ್ಠ 30 ದಿನ ಮೊದಲೇ ಬೀಳಬೇಕು. ಅವಳು ಇಷ್ಟೆಲ್ಲ ಸಹಿಸಿ ಮನೆಗೆ ಹೋದ ಮೇಲೆ, ಚಿಕಿತ್ಸೆಯಿಲ್ಲದ ಗಂಡನಿಂದ ಅದೇ ಸೋಂಕು ಮತ್ತೆ ತಗುಲಿದರೆ? ನೀರಿನಲ್ಲಿ ಹೋಮ.

ಎಚ್‌ಐವಿಯ ಲೆಕ್ಕ ಇನ್ನೂ ಸೂಕ್ಷ್ಮ. ಗಂಡನಿಗೆ ಸೋಂಕಿದ್ದರೆ, ಮೂರನೇ ತಿಂಗಳಲ್ಲಿ ನೆಗೆಟಿವ್ ಬಂದವಳು ಏಳನೇ ತಿಂಗಳಲ್ಲೂ ಹಾಗೆಯೇ ಇರುತ್ತಾಳೆಂಬ ಖಾತ್ರಿ ಇಲ್ಲ. ಬಸಿರಿನಲ್ಲಿ ಹೊಸದಾಗಿ ತಗುಲಿದ ಸೋಂಕಿನ ವೇಳೆ ರಕ್ತದಲ್ಲಿ ವೈರಸ್ ವಿಪರೀತ ಹೆಚ್ಚಿರುತ್ತದೆ, ಮಗುವಿಗೆ ದಾಟುವ ಅಪಾಯವೂ ಹೆಚ್ಚು. ಏನೂ ಮಾಡದೆ ಬಿಟ್ಟರೆ, ಎದೆಹಾಲೂ ಸೇರಿ, ನೂರರಲ್ಲಿ 15ರಿಂದ 45 ಮಕ್ಕಳಿಗೆ ಎಚ್‌ಐವಿ ದಾಟುತ್ತದೆ. ತಾಯಿ ಸರಿಯಾಗಿ ಮಾತ್ರೆ ನುಂಗಿದರೆ ಅದು ಐದಕ್ಕಿಂತ ಕೆಳಗಿಳಿಯುತ್ತದೆ. ಆದರೆ ತನಗೆ ಸೋಂಕಿದೆಯೆಂದೇ ಅರಿಯದವಳು ಯಾವ ಮಾತ್ರೆ ನುಂಗಿಯಾಳು?

ಪರೀಕ್ಷೆಯಾದರೆ ಸಾಲದು, ಫಲಿತಾಂಶವೂ ಅವಳ ಜೊತೆಗಿರಬೇಕು. ನಮ್ಮಲ್ಲಿ ಚೊಚ್ಚಲ ಹೆರಿಗೆ ತವರಲ್ಲಿ. ಸೀಮಂತ ಮುಗಿಸಿ ತಾಯಿ ಕಾರ್ಡ್ ಹಿಡಿದು ಹೊರಟವಳ ಜೊತೆ ಲ್ಯಾಬ್ ಚೀಟಿ ಹೋಗುವುದಿಲ್ಲ. ಅದು ಗಂಡನ ಮನೆಯ ಟ್ರಂಕಿನಲ್ಲಿ. ಹೆಪಟೈಟಿಸ್ ಬಿ ಇರುವ ತಾಯಿಯ ಮಗುವಿಗೆ 24 ಗಂಟೆಯೊಳಗೆ ಲಸಿಕೆ ಬೀಳಬೇಕು. ಹುಟ್ಟುವಾಗ ತಗುಲಿದರೆ ನೂರಕ್ಕೆ 90 ಮಕ್ಕಳಲ್ಲಿ ಆ ಸೋಂಕು ಬೇರೂರಿ ನಿಲ್ಲುತ್ತದೆ. ಚೀಟಿ ಇರಲಿ ಬಿಡಲಿ, ಪ್ರತಿ ಕೂಸಿಗೂ ಮೊದಲ ದಿನವೇ ಆ ಲಸಿಕೆ ಹಾಕಬೇಕೆಂಬ ನಿಯಮ ಇರುವುದು ಪುಣ್ಯ. ಹತ್ತು ಡೋಸಿನ ಸೀಸೆ ಒಡೆದರೆ ವ್ಯರ್ಥವಾದೀತೆಂದು ಕಾಯುವ ಸಿಬ್ಬಂದಿಗೆ ಒಂದು ಮಾತು: ಸರಿಯಾಗಿ ತಂಪಿನಲ್ಲಿಟ್ಟರೆ ಒಡೆದ ಸೀಸೆಯನ್ನು 28 ದಿನ ಬಳಸಬಹುದು.

ಶ್ರೀಲಂಕಾ 2019ರಲ್ಲೇ ಮಕ್ಕಳಿಗೆ ಎಚ್‌ಐವಿ, ಸಿಫಿಲಿಸ್ ದಾಟುವುದನ್ನು ನಿವಾರಿಸಿದ ದೇಶವೆಂದು ವಿಶ್ವ ಆರೋಗ್ಯ ಸಂಸ್ಥೆಯಿಂದ ಮಾನ್ಯತೆ ಪಡೆಯಿತು. ನಮಗೂ ಅದು ಎಟುಕದ ಮಾತಲ್ಲ.

ಗಂಡಸರನ್ನು ಬಲವಂತದಿಂದ ಎಳೆತನ್ನಿ ಎನ್ನುತ್ತಿಲ್ಲ. ಎಚ್‌ಐವಿ ಪರೀಕ್ಷೆಗೆ ಒಪ್ಪಿಗೆ ಬೇಕೇ ಬೇಕು, 2017ರ ಕಾಯ್ದೆ ಹಾಗೆನ್ನುತ್ತದೆ. ಫಲಿತಾಂಶವನ್ನು ಅತ್ತೆಯ ಕಿವಿಗೆ ಹಾಕುವುದೂ ತಪ್ಪು. ಆದರೆ ಕೇಳುವುದಕ್ಕೇನು ಅಡ್ಡಿ? ತಿಂಗಳ 9ನೇ ತಾರೀಕು ಡಾಕ್ಟರು ಬಸುರಿಯರನ್ನು ನೋಡುವ ದಿನ ಎಷ್ಟೋ ಗಂಡಂದಿರು ಬಾಗಿಲವರೆಗೆ ಬಂದೇ ಇರುತ್ತಾರೆ. ಬೆಂಗಳೂರಿನಲ್ಲಿ ಗಾರೆ ಕೆಲಸಕ್ಕೋ ಗಾರ್ಮೆಂಟ್ಸಿಗೋ ಹೋದವರು ಶನಿವಾರ ರಾತ್ರಿ ಊರಿಗೆ ಬಂದು ಭಾನುವಾರ ಸಂಜೆಯ ಬಸ್ಸು ಹತ್ತುತ್ತಾರೆ. ಅವರಿಗಾಗಿ ತಿಂಗಳಿಗೊಂದು ಭಾನುವಾರ ಬೆಳಗ್ಗೆ ಲ್ಯಾಬ್ ತೆರೆದಿರಲಿ. ಲ್ಯಾಬ್ ಟೆಕ್ನಿಷಿಯನ್ ಗೊಣಗುತ್ತಾರೆ, ನ್ಯಾಯವೇ. ಬದಲಿಗೆ ಸೋಮವಾರ ರಜೆ ಕೊಡಿ.