ಕತ್ತೆ ಕತೆಯಾಗಿ, ಹಳ್ಳಿ ಹಳಿಯಾಗಿ...

ನಮ್ಮ ಜಿಲ್ಲೆಗಳ ಸುದ್ದಿ ವಿಡಿಯೊಗಳನ್ನು ಒಮ್ಮೆ ಸೌಂಡ್ ಆಫ್ ಮಾಡಿ ನೋಡಿ. ಬಸ್ಸಿನಲ್ಲಿ, ಆಸ್ಪತ್ರೆ ಸಾಲಿನಲ್ಲಿ ಎಷ್ಟೋ ಜನ ನೋಡುವುದು ಹಾಗೇ. ಕಿವಿ ಕೇಳದವರಿಗಂತೂ ಬೇರೆ ದಾರಿಯೇ ಇಲ್ಲ. ಪರದೆ ತುಂಬ ಬರಹ ಇರುತ್ತದೆ: ಮೇಲೆ ಲೋಗೊ, ಕೆಳಗೆ ಓಡುವ ಪಟ್ಟಿ, ನಡುವೆ ಕೆಂಪು ಪಟ್ಟಿಯ ಮೇಲೆ ಮಿನುಗುವ ಹಳದಿ ಅಕ್ಷರ. ಓದೋಕೆ ಹೋದರೆ ಒಂದು ಸಾಲೂ ಪೂರ್ತಿ ಸಿಗುವುದಿಲ್ಲ.

ಕೇಳಿದರೆ ಎಡಿಟಿಂಗ್ ಮಾಡುವವರ ಉತ್ತರ ಒಂದೇ: "ಟೆಕ್ಸ್ಟ್ ಯಾರ್ ಓದ್ತಾರೆ ಬಿಡಿ ಸಾರ್, ವಿಷುವಲ್ ಚೆನ್ನಾಗಿರ್ಲಿ."

ಈ ಮಾತನ್ನು ನಾನು ಒಪ್ಪುವುದಿಲ್ಲ. ಪರದೆ ಮೇಲಿನ ಅಕ್ಷರವೂ ವರದಿಯೇ. ಅದನ್ನು ಓದಲಾಗದಂತೆ ಜೋಡಿಸಿದರೆ ಸುದ್ದಿ ಕೊಟ್ಟಂತಾಗುವುದಿಲ್ಲ. ಕೆಲವು ಸಲ ತಪ್ಪು ಸುದ್ದಿಯನ್ನೇ ಕೊಟ್ಟಂತಾಗುತ್ತದೆ.

ಒಂದು ಉದಾಹರಣೆ ನೋಡಿ. ಪಾವಗಡ, ಕೋಲಾರ, ಕೊಪ್ಪಳದ ಕಡೆ ಕೊಳವೆಬಾವಿ ನೀರಿನ ಫ್ಲೋರೈಡ್ ಸಮಸ್ಯೆ ಹಳೆಯದು. ಕುಡಿಯುವ ನೀರಿನಲ್ಲಿ ಅದು ಲೀಟರಿಗೆ 1.5 ಮಿಲಿಗ್ರಾಂ ಮೀರಬಾರದು ಎನ್ನುತ್ತದೆ ಭಾರತೀಯ ಮಾನಕ ಬ್ಯೂರೊ. ಈ ಸಂಖ್ಯೆಯನ್ನು ಸಣ್ಣದಾಗಿ ಹಾಕಿ, ಸುತ್ತ ದಪ್ಪ ಔಟ್‌ಲೈನ್ ಎಳೆಯಿರಿ. ಚುಕ್ಕಿ ಮುಚ್ಚಿಹೋಗಿ 1.5 ಎಂಬುದು 15 ಆಗುತ್ತದೆ.

ಇನ್ನೊಂದು: "ಈ ಬೋರ್‌ವೆಲ್ ನೀರು ಕುಡಿಯಲು ಯೋಗ್ಯವಲ್ಲ." ಇದನ್ನು ರೀಲ್ಸ್‌ನ ತಳದಲ್ಲಿ ಎರಡು ಸಾಲಾಗಿ ಹಾಕಿದರೆ 'ಯೋಗ್ಯವಲ್ಲ' ಎರಡನೇ ಸಾಲಿಗೆ ಬೀಳುತ್ತದೆ. ತಳದಲ್ಲಿ ಚಾನೆಲ್ ಹೆಸರು, ಬಲಕ್ಕೆ ಲೈಕ್, ಶೇರ್ ಬಟನ್‌ಗಳು ಕೂತಿರುತ್ತವೆ. ಎರಡನೇ ಸಾಲು ಅವುಗಳಡಿ ಸೇರಿದರೆ ಉಳಿಯುವುದು "ಈ ಬೋರ್‌ವೆಲ್ ನೀರು ಕುಡಿಯಲು" ಅಷ್ಟೇ! ಕನ್ನಡದಲ್ಲಿ ಇಲ್ಲ, ಅಲ್ಲ, ಬೇಡ ಬರುವುದು ಮಾತಿನ ಕೊನೆಗೆ. ಕೊನೆ ಸಾಲು ಮುಚ್ಚಿದರೆ ಅರ್ಥವೇ ಮುಚ್ಚಿಹೋಗುತ್ತದೆ.

ಒತ್ತಕ್ಷರದ ಪಾಡು ಇನ್ನೂ ಕೆಟ್ಟದು. ಇಂಗ್ಲಿಷಿಗೆಂದು ಮಾಡಿದ ಟೆಂಪ್ಲೇಟ್‌ನಲ್ಲಿ ಅಕ್ಷರದ ಕೆಳಗೆ ಜಾಗ ಕಡಿಮೆ. ನಮ್ಮ ಒತ್ತು ಇಳಿಯುವುದೇ ಅಲ್ಲಿಗೆ. ಪಟ್ಟಿ ಅದನ್ನು ಕತ್ತರಿಸಿದರೆ ಕತ್ತೆ ಕತೆಯಾಗುತ್ತದೆ, ಹಳ್ಳಿ ಹಳಿಯಾಗುತ್ತದೆ. ಸಾಫ್ಟ್‌ವೇರ್ ಸೆಟ್ಟಿಂಗ್ ಸರಿ ಇಲ್ಲದಿದ್ದರೆ 'ರಾಷ್ಟ್ರ' ಹೋಗಿ 'ರಾಷ್‌ಟ್‌ರ' ಬರುತ್ತದೆ. ನುಡಿ, ಬರಹದ ಹಳೆ ಫಾಂಟ್‌ನಲ್ಲಿ ಟೈಪ್ ಮಾಡಿದ್ದನ್ನು ಹಾಗೇ ಮೊಬೈಲ್ ಆ್ಯಪ್‌ಗೆ ಹಾಕಿದರೆ ಕನ್ನಡದ ಜಾಗದಲ್ಲಿ ಇಂಗ್ಲಿಷ್ ಅಕ್ಷರಗಳ ಕಲಸುಮೇಲೋಗರ. ಯೂನಿಕೋಡ್‌ನಲ್ಲಿ ಕನ್ನಡ 1991ರಿಂದ ಇದೆ. ಇನ್ನೂ ಈ ನೆಪ ಹೇಳಿದರೆ ಹೇಗೆ?

ಅಕ್ಷರದ ಅಳತೆಗೆ ಬನ್ನಿ. ಡೆಸ್ಕಿನವರು ದೊಡ್ಡ ಮಾನಿಟರ್ ಮುಂದೆ ಕೂತು ಸೈಜ್ ನಿಗದಿ ಮಾಡುತ್ತಾರೆ. ನೀವು ನೋಡುವುದು 7 ಸೆಂಟಿಮೀಟರ್ ಅಗಲದ ಫೋನಿನಲ್ಲಿ. ಫೋನನ್ನು ನೆಟ್ಟಗೆ ಹಿಡಿದರೆ ಅಡ್ಡ ವಿಡಿಯೊದ ಎತ್ತರ 4 ಸೆಂಟಿಮೀಟರೂ ಬರುವುದಿಲ್ಲ. 1080 ಪಿಕ್ಸೆಲ್ ಎತ್ತರದ ವಿಡಿಯೊದಲ್ಲಿ 40 ಪಿಕ್ಸೆಲ್ ಅಕ್ಷರ ಹಾಕಿದರೆ ನಿಮ್ಮ ಕೈಯಲ್ಲಿ ಅದು ಹೆಚ್ಚೆಂದರೆ ಒಂದೂವರೆ ಮಿಲಿಮೀಟರ್. ಅರವತ್ತು ದಾಟಿದ ಕಣ್ಣಿಗೆ ಅದು ಇರುವೆ ಸಾಲು.

"ಒಂದು ಸ್ಟೋರಿಗೆ ಕೊಡೋ ದುಡ್ಡಿಗೆ ಇಷ್ಟೆಲ್ಲ ಯಾಕೆ?" ಎಂದು ಸ್ಟ್ರಿಂಗರ್ ಗೆಳೆಯರು ಕೇಳಬಹುದು. ದುಡ್ಡು ಕಡಿಮೆ ಎಂಬುದು ನಿಜ, ನಾನೂ ಅದರಲ್ಲೇ ಬದುಕುತ್ತಿದ್ದೇನೆ. ಆದರೆ ಇದು ಒಂದು ಸಲ ಸರಿಮಾಡಿ ಟೆಂಪ್ಲೇಟ್ ಆಗಿ ಇಟ್ಟುಕೊಳ್ಳುವ ಕೆಲಸ. ನೋಟೊ ಸಾನ್ಸ್ ಕನ್ನಡ ಫಾಂಟ್ ಉಚಿತ. ಪ್ರೀಮಿಯರ್ ಬಳಸುವವರು ಪ್ರಿಫರೆನ್ಸಸ್‌ನ ಗ್ರಾಫಿಕ್ಸ್‌ನಲ್ಲಿ ಟೆಕ್ಸ್ಟ್ ಎಂಜಿನ್ ಅನ್ನು 'ಸೌತ್ ಏಷ್ಯನ್' ಎಂದಿರುವುದಕ್ಕೆ ಬದಲಿಸಿದರೆ ಒತ್ತಕ್ಷರ ಕೂಡಿಕೊಳ್ಳುತ್ತದೆ. ಸಾಲುಗಳ ನಡುವೆ ಜಾಗ ಬಿಡಿ. ಒಂದೇ ಸಾಲಾದರೆ ನಡುವೆ ಇಡಿ, ಎರಡು ಮೂರು ಸಾಲಾದರೆ ಎಡಕ್ಕೆ ಹೊಂದಿಸಿ, ಆಗ ಕಣ್ಣು ಪ್ರತಿ ಸಾಲಿನ ಆರಂಭ ಹುಡುಕಬೇಕಿಲ್ಲ. ಎರಡೂ ಅಂಚಿಗೆ ಎಳೆಯುವ ಜಸ್ಟಿಫೈ ಬೇಡವೇ ಬೇಡ. ನಮ್ಮ ಪದಗಳು ಉದ್ದ, ಸಾಲಿಗೆ ಎರಡೋ ಮೂರೋ ಹಿಡಿಸುತ್ತವೆ, ನಡುವೆ ಎತ್ತಿನಗಾಡಿ ಹೋಗುವಷ್ಟು ಸಂದು ಬೀಳುತ್ತದೆ. ಮಿನುಗು ತೆಗೆಯಿರಿ, ಕಪ್ಪು ಪಟ್ಟಿಯ ಮೇಲೆ ಬಿಳಿ ಅಕ್ಷರ ಸಾಕು. ಪೋಸ್ಟ್ ಮಾಡುವ ಮೊದಲು ನಿಮ್ಮದೇ ಫೋನಿನಲ್ಲಿ, ಬಿಸಿಲಲ್ಲಿ ನಿಂತು ಒಮ್ಮೆ ಓದಿ.

ಓದುಗರೇ, ನಿಮಗೂ ಒಂದು ಮಾತು. ಅಕ್ಷರ ಕಾಣದಿದ್ದರೆ "ನಮ್ಮ ಕಣ್ಣೇ ಮಂಜಾಯ್ತೇನೋ" ಎಂದು ಸುಮ್ಮನಾಗಬೇಡಿ. ವಿಡಿಯೊ ಕೆಳಗೆ "ಚೆನ್ನಾಗಿದೆ ಅಣ್ಣಾ" ಎಂದು ಬರೆಯುವ ಜಾಗದಲ್ಲೇ "ಅಕ್ಷರ ಓದೋಕಾಗ್ತಿಲ್ಲ, ಸರಿಮಾಡಿ" ಎಂದು ಬರೆಯಿರಿ. ಹತ್ತು ಜನ ಬರೆದರೆ ಡೆಸ್ಕ್ ಅಲುಗಾಡುತ್ತದೆ. ನಾವು ಸ್ಟ್ರಿಂಗರ್‌ಗಳು ಹೇಳಿದ್ದನ್ನು ಕೇಳದವರು ವ್ಯೂಸ್ ಕೊಡುವ ನಿಮ್ಮ ಮಾತನ್ನು ಕೇಳಲೇಬೇಕು.