ಸೊಪ್ಪಿನ ಹೊರೆಯಲ್ಲಿ ಸೀತಾಳೆ ಹೋಗದಿರಲಿ

ಸಾಗರ, ಹೊಸನಗರ, ತೀರ್ಥಹಳ್ಳಿ ತಾಲ್ಲೂಕುಗಳ ರೈತ ಬಾಂಧವರೇ,

ಸೊಪ್ಪಿನಬೆಟ್ಟದಿಂದ ತಂದ ಹೊರೆಯನ್ನು ಕೊಟ್ಟಿಗೆಗೆ ಹಾಸುವ ಮುನ್ನ ಒಮ್ಮೆ ಬಿಡಿಸಿ ನೋಡಿ. ಮತ್ತಿ, ಹೊನ್ನೆ, ನಂದಿಯ ಕೊಂಬೆಗಳ ಜೊತೆಗೆ ಗೆಣ್ಣುಗೆಣ್ಣಾದ ಕಾಂಡಗಳ ಒಂದು ಗೊಂಚಲು ಬಂದಿರುವುದುಂಟು. ಎಲೆಯಿಲ್ಲದ ಕಾಲದಲ್ಲಿ ಒಣಕಡ್ಡಿಯಂತೆ ಕಾಣುವುದರಿಂದ ಯಾರೂ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ. ಅದು ನೇರವಾಗಿ ಗೊಬ್ಬರದ ಗುಂಡಿ ಸೇರುತ್ತದೆ. ಅದೇ ಡೆಂಡ್ರೋಬಿಯಂ, ಪೇಟೆಯ ಹೂವಿನಂಗಡಿಯಲ್ಲಿ ಕಡ್ಡಿಯ ಲೆಕ್ಕದಲ್ಲಿ ಮಾರುವ ಆರ್ಕಿಡ್ಡಿನ ಬಂಧು. ನಮ್ಮಲ್ಲಿ ಮರದ ಮೇಲಿನ ಇಂಥ ಹೂಗಳನ್ನೆಲ್ಲ ಸೀತಾಳೆ ಎಂದೇ ಕರೆಯುವುದು ರೂಢಿ. ಹೆಂಗಸರು ಮುಡಿಯುವ ನೀಳ ಗೊಂಚಲಿನ ಸೀತಾಳೆ ದಂಡೆ ಬೇರೆ ಜಾತಿಯದು.

ಇದನ್ನು ಬಂದಳಿಕೆ ಎಂದು ಕಿತ್ತೆಸೆಯುವವರೂ ಇದ್ದಾರೆ. ಇದು ತಪ್ಪು ತಿಳಿವಳಿಕೆ. ಬಂದಳಿಕೆ ಮರದೊಳಕ್ಕೆ ಬೇರಿಳಿಸಿ ರಸ ಹೀರುತ್ತದೆ. ಡೆಂಡ್ರೋಬಿಯಂ ತೊಗಟೆಯನ್ನು ಹಿಡಿದು ನಿಲ್ಲುತ್ತದೆ, ಅಷ್ಟೆ. ಮಳೆನೀರು, ಮಂಜು, ತೊಗಟೆಯ ಸಂದಿನ ಕಸ ಇವೇ ಅದರ ಆಹಾರ. 1799ರಲ್ಲಿ ಸ್ವೀಡನ್ನಿನ ಸಸ್ಯಶಾಸ್ತ್ರಜ್ಞ ಓಲೋಫ್ ಸ್ವಾರ್ಟ್ಸ್ ಇಟ್ಟ ಈ ಹೆಸರಿನ ಅರ್ಥವೇ ಮರದ ಮೇಲಿನ ಬದುಕು ಎಂದು.

ಇದನ್ನು ಸಾಕಬೇಕೆನ್ನುವವರು ಮೊದಲು ಎರಡು ಬಗೆಗಳನ್ನು ಬೇರೆಬೇರೆಯಾಗಿ ಅರಿಯಬೇಕು. ಒಂದು, ಪಶ್ಚಿಮಘಟ್ಟದ ನಾಡತಳಿಗಳು: ಓವೇಟಂ, ಬಾರ್ಬ್ಯಾಟುಲಂ, ಕ್ರೆಪಿಡೇಟಂ ಮೊದಲಾದವು. ಇವು ಮಳೆಗಾಲದಲ್ಲಿ ಚಿಗುರಿ, ಕಾಂಡದಲ್ಲಿ ನೀರು ಮತ್ತು ಆಹಾರ ಕೂಡಿಟ್ಟು, ಮಳೆ ಹೋದ ಮೇಲೆ ಎಲೆ ಉದುರಿಸಿ ನಿದ್ರೆ ಮಾಡುತ್ತವೆ. ಬೇಸಿಗೆಯ ಮೊದಲಲ್ಲಿ ಆ ಬೋಳು ಕಾಂಡದ ಮೇಲೆಯೇ ಹೂ ಬಿಡುತ್ತವೆ. ಎರಡನೆಯದು, ಸೋನಿಯಾದಂಥ ಮಿಶ್ರತಳಿಗಳು. ಇವು ವರ್ಷವಿಡೀ ಹಸಿರಾಗಿದ್ದು ವರ್ಷವಿಡೀ ನೀರು ಬೇಡುತ್ತವೆ.

ಇಲ್ಲಿಯೇ ನಮ್ಮವರು ಎಡವುವುದು. ಎಲೆ ಉದುರಿತು, ಗಿಡ ಸಾಯುತ್ತಿದೆ ಎಂದು ನಾಡತಳಿಗೆ ಚಳಿಗಾಲದಲ್ಲಿ ಚೊಂಬುಗಟ್ಟಲೆ ನೀರು ಹೊಯ್ಯುತ್ತಾರೆ. ನಾನೂ ಮೊದಲು ಇದನ್ನೇ ಮಾಡಿ ಒಂದು ಒಳ್ಳೆಯ ಗೊಂಚಲನ್ನು ಕೊಳೆಸಿದವನು. ಕಾಂಡ ತೀರ ಸುಕ್ಕಾದರೆ ಮಾತ್ರ ತುಸು ನೀರು ಚಿಮುಕಿಸಿ. ಇಲ್ಲವಾದರೆ ಸುಮ್ಮನೆ ಬಿಡಿ. ಕಟ್ಟುವುದಿದ್ದರೆ ಮಳೆಯ ಆರಂಭದಲ್ಲಿ ಹಲಸು, ಮಾವಿನಂಥ ಒರಟು ತೊಗಟೆಯ ಮರಕ್ಕೆ, ಬೆಳಗಿನ ಬಿಸಿಲು ಬೀಳುವ ಕಡೆ, ತೆಂಗಿನ ನಾರಿನಿಂದ ಬಿಗಿಯಾಗಿ ಕಟ್ಟಿ. ಬುಡಕ್ಕೆ ಮಣ್ಣು ಮೆತ್ತಬೇಡಿ. ಬೇರು ತಾನೇ ತೊಗಟೆ ಹಿಡಿಯುತ್ತದೆ.

ಮಿಶ್ರತಳಿಯ ಕುಂಡಕ್ಕೂ ಮಣ್ಣು ಸಲ್ಲದು. ಇದ್ದಿಲು, ಇಟ್ಟಿಗೆ ಚೂರು, ತೆಂಗಿನ ಸಿಪ್ಪೆ ತುಂಬಿದ, ಸುತ್ತಲೂ ತೂತುಗಳಿರುವ ಕುಂಡ ಬೇಕು. ಶೇಕಡಾ 50ರ ನೆರಳುಬಲೆ ಸಾಕು. ಲೀಟರ್ ನೀರಿಗೆ 1 ಗ್ರಾಂನಂತೆ 19:19:19 ಗೊಬ್ಬರವನ್ನು ವಾರಕ್ಕೊಮ್ಮೆ ಸಿಂಪಡಿಸಿ. ಎಲೆಯಿಲ್ಲದ ಹಳೆಯ ಕಾಂಡವನ್ನು ಕತ್ತರಿಸಬೇಡಿ. ಅದು ಗಿಡದ ಕಣಜ. ಬುಡ ಒಡೆಯುವಾಗ ಮೂರು ನಾಲ್ಕು ಕಾಂಡ ಒಟ್ಟಿಗಿರಲಿ. ನಮ್ಮ ಆಷಾಢ, ಶ್ರಾವಣದ ಮಳೆಗೆ ಬರೀ ಬಲೆ ಸಾಲದು. ಆಗುಂಬೆ, ನಗರದ ಕಡೆಯವರಂತೂ ಮೇಲೆ ಪ್ಲಾಸ್ಟಿಕ್ ಹೊದಿಕೆ ಹಾಕಿ, ನಾಲ್ಕೂ ಕಡೆ ಗಾಳಿಗೆ ಬಿಡಬೇಕು.

ಅಡಿಕೆ ತೋಟದ ನೆರಳಿದೆಯಲ್ಲ, ಅಲ್ಲಿಯೇ ಬೆಳೆಯೋಣ ಎಂದು ಕೆಲವರು ಕೇಳುತ್ತಾರೆ. ನಾನು ಬೇಡವೆನ್ನುತ್ತೇನೆ. ಕೊಳೆರೋಗಕ್ಕೆ ನಾವು ಹೊಡೆಯುವ ಬೋರ್ಡೋ ದ್ರಾವಣದಲ್ಲಿ ಮೈಲುತುತ್ತ ಇದೆ. ಅಡಿಕೆಗೆ ರಕ್ಷಣೆಯಾದ ಆ ತಾಮ್ರವೇ ಡೆಂಡ್ರೋಬಿಯಂಗೆ ವಿಷ. ಕೊನೆಗೆ ಹೊಡೆದ ಮದ್ದು ಕೆಳಗಿನ ಗಿಡದ ಮೇಲೆ ತೊಟ್ಟಿಕ್ಕದೆ ಇರದು. ಮರಕ್ಕೆ ಕಟ್ಟಿದ ಗಿಡವಾದರೂ ತೋಟದ ಸೀಮೆಯಿಂದ ದೂರ, ಮನೆಯ ಅಂಗಳದಲ್ಲಿರಲಿ.

ಇನ್ನು ಹಣದ ಮಾತು. ಸಾಲ ಮಾಡಿ ಸಾವಿರಾರು ಗಿಡಗಳ ಮನೆ ಕಟ್ಟಲು ಹೊರಡುವವರಿಗೆ ನನ್ನ ಸಲಹೆ ಇಷ್ಟೆ: ಮೊದಲು 50 ಗಿಡ ಸಾಕಿ, ಒಂದು ಪೂರ್ತಿ ಮಳೆಗಾಲ ದಾಟಿಸಿ. ಒಣಗಿದ ಅಡಿಕೆಯನ್ನು ಮಂಡಿಯಲ್ಲಿಟ್ಟು ದರ ನೋಡಿ ಮಾರಬಹುದು. ಕೊಯ್ದ ಹೂವು ದರಕ್ಕಾಗಿ ತಿಂಗಳುಗಟ್ಟಲೆ ಕಾಯದು. ಬೆಂಗಳೂರಿನ ಪೇಟೆಯಲ್ಲಿ ಥಾಯ್ಲೆಂಡಿನ ಹೂವಿನೊಡನೆ ಪೈಪೋಟಿಯೂ ಇದೆ. ನಾಲ್ಕೂರಿನವರು ಕೂಡಿ ಬೆಳೆದು ಒಂದೇ ಗಾಡಿಯಲ್ಲಿ ಕಳಿಸುವ ಏರ್ಪಾಡು ಇದ್ದರೆ ಮಾತ್ರ ಗಿಟ್ಟೀತು.

ಆದರೆ ನಾಡತಳಿಯನ್ನು ಉಳಿಸಲು ಸಾಲವೂ ಬೇಡ, ಬಲೆಯೂ ಬೇಡ. ಅದರ ಬೀಜ ಧೂಳಿನಷ್ಟು ಸಣ್ಣದು; ಒಳಗೆ ಆಹಾರದ ದಾಸ್ತಾನಿಲ್ಲ. ತೊಗಟೆಯ ಮೇಲೆ ತಕ್ಕ ಶಿಲೀಂಧ್ರ ಜೊತೆಯಾದರಷ್ಟೇ ಮೊಳೆಯುತ್ತದೆ. ಹೂ ಬಿಡಲು ವರ್ಷಗಳೇ ಬೇಕು. ಒಂದು ಗೊಂಚಲು ಹಾಳಾದರೆ ಮರುವರ್ಷ ಇನ್ನೊಂದು ಬಾರದು. 1964ರಲ್ಲಿ ಲಿಂಗನಮಕ್ಕಿಯ ನೀರು ನಿಂತಾಗ ಸಾಗರ, ಹೊಸನಗರದ ಎಷ್ಟೋ ಕಾಡು ಮರಗಳ ಸಮೇತ ಮುಳುಗಿತು. ಅದು ನಮ್ಮ ಕೈಯಲ್ಲಿರಲಿಲ್ಲ. ಸೊಪ್ಪಿನ ಕತ್ತಿ ಮಾತ್ರ ನಮ್ಮ ಕೈಯಲ್ಲಿಯೇ ಇದೆ.

ಆದ್ದರಿಂದ ಸೊಪ್ಪು ಕಡಿಯುವಾಗ ಸೀತಾಳೆ ಇರುವ ಕೊಂಬೆಯನ್ನು ಬಿಟ್ಟುಬಿಡಿ; ಕೆಲಸದವರಿಗೂ ತೋರಿಸಿ ಹೇಳಿ. ಅನುಮತಿಯಿಲ್ಲದೆ ಕಾಡಿನಿಂದ ಕಿತ್ತು ತರುವುದು ಅಪರಾಧವೆಂಬುದು ತಿಳಿದಿರಲಿ. ಗಾಳಿಗೆ ನಿಮ್ಮ ಅಂಗಳದ ಮರದ ಕೊಂಬೆ ಮುರಿದು ಬಿದ್ದರೆ ಅದರ ಮೇಲಿನ ಗಿಡವನ್ನು ಬೇರೆ ಮರಕ್ಕೆ ಕಟ್ಟಿ. ಇರುವಕ್ಕಿಯಲ್ಲಿ ಕೃಷಿ ಮತ್ತು ತೋಟಗಾರಿಕಾ ವಿಶ್ವವಿದ್ಯಾಲಯವಿದೆ. ಪ್ರಯೋಗಾಲಯದಲ್ಲಿ ಬೆಳೆಸಿದ ನಾಡತಳಿಯ ಸಸಿ ನಮಗೆ ಬೇಕು ಎಂದು ಅಲ್ಲಿ ಕೇಳೋಣ. ಬೇಡಿಕೆಯಿದೆ ಎಂದು ಗೊತ್ತಾದರೆ ತಾನೇ ಸಸಿ ಬೆಳೆಸುವವರು ಮುಂದಾಗುವುದು?